ಹೆಬ್ಬೆರಳಿನ ನಾಡಿ

"ನಿಮ್ಮ ನಾಡಿ ತುಂಬಾ ಜೋರಾಗಿದೆ. ಅಲ್ಲಾಡ್ಬೇಡಿ, ಮೊದ್ಲು ನಿಮ್ಮನ್ನೇ ಒಳಗೆ ಕಳಿಸ್ತೀನಿ," ಎಂದಳು ಟೋಕನಕ್ಕ.

ಕ್ಲಿನಿಕ್ಕಿನ ಬಾಗಿಲಲ್ಲಿ ಕೂತು ಬಂದವರಿಗೆಲ್ಲ ಟೋಕನ್ ಕೊಡುವುದು ಅವಳ ಕೆಲಸ. ಹಾಗಾಗಿ ಅಪ್ಪ ಅಮ್ಮ ಇಟ್ಟ ಹೆಸರು ಮೂಲೆಗೆ ಸರಿದು, ಎಲ್ಲರ ಬಾಯಲ್ಲೂ ಅವಳು ಟೋಕನಕ್ಕನೇ. ಎದುರಿಗಿದ್ದ ಬಡಕಲು ಮನುಷ್ಯ ಏನೋ ಹೇಳಲು ಹೋದ. "ಮಾತಾಡ್ಬೇಡಿ, ಇನ್ನೂ ಜಾಸ್ತಿ ಆಗುತ್ತೆ," ಎಂದು ಅವನ ಬಾಯಿ ಮುಚ್ಚಿಸಿ, ಕೈಗೊಂದು ಟೋಕನ್ ತುರುಕಿ, ಸಾಲಿನವರ ಗೊಣಗಾಟ ಲೆಕ್ಕಿಸದೆ ಒಳಗೆ ಕರೆದೊಯ್ದಳು.

ಡಾಕ್ಟರಮ್ಮ ಕನ್ನಡಕದ ಮೇಲಿಂದ ನೋಡಿದರು. "ಇವರಿಗೇನಾಗಿದೆ ಕಣೇ? ಬಿಪಿ ಮಿಷಿನ್ ರಿಪೇರಿಗೆ ಅಂತ ನಾನೇ ಕರೆಸಿದ್ದು." ಆದರೂ ಅವನ ಮಣಿಕಟ್ಟು ಮುಟ್ಟಿ ನೋಡಿ ನಕ್ಕರು. "ನನಗಿಂತ ಗಟ್ಟಿಯಾಗಿದಾರೆ."

ಭೂಮಿ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ. ಕೆಲಸ ಮುಗಿಸಿ ಹೊರಡುವಾಗ ಆತ ಅವಳ ಮೇಜಿನ ಮುಂದೆ ನಿಂತ.

"ಈ ಟೋಕನ್ ಇಟ್ಕೊಳ್ಲಾ? ನನಗೋಸ್ಕರ ಇದುವರೆಗೂ ಯಾರೂ ಸಾಲು ತಪ್ಪಿಸಿರ್ಲಿಲ್ಲ."

ತಮಾಷೆಗೆ ಅಂದಿದ್ದು. ಆದರೆ ಕಣ್ಣು ತಮಾಷೆ ಮಾಡುತ್ತಿರಲಿಲ್ಲ.

ಟೋಕನಕ್ಕನಿಗೆ ನರ್ಸಿಂಗ್ ಕಾಲೇಜಿನ ಹುಚ್ಚು. ಇದ್ದ ಸೀಟುಗಳು ಬೆರಳೆಣಿಕೆಯಷ್ಟು, ಬಯಸುವವರು ಸಂತೆಯಷ್ಟು. ಹೋದ ವರ್ಷ ಲಿಖಿತ ಪರೀಕ್ಷೆ ಸಲೀಸಾಗಿ ದಾಟಿದ್ದಳು. ಸಂದರ್ಶನದಲ್ಲಿ "ಕ್ಲಿನಿಕ್ಕಲ್ಲಿ ಏನು ಕಲ್ತಿದೀರಿ?" ಎಂದಾಗ ಜಂಬದಿಂದ "ನಾಡಿ ನೋಡೋದು" ಅಂದಿದ್ದಳು. ಅಲ್ಲಿದ್ದ ಹಿರಿಯ ನರ್ಸ್ ತಮ್ಮ ಕೈಯನ್ನೇ ಮುಂದೆ ಚಾಚಿದ್ದರು. ಎಣಿಸಿ ಹೇಳಿದಳು. ಅವರು ಏನೂ ಅನ್ನಲಿಲ್ಲ, ಸೀಟೂ ಸಿಗಲಿಲ್ಲ. ಮುಂದಿನ ವರ್ಷಕ್ಕೆ ವಯಸ್ಸಿನ ಮಿತಿ ದಾಟುತ್ತದೆ. ಈ ಸಲ ತಪ್ಪಿದರೆ ಮುಗಿಯಿತು.

ಮನೆಯಲ್ಲಿ ಯಾರೂ ಕೆಟ್ಟವರಲ್ಲ. ಅಣ್ಣ ಒಳ್ಳೆಯವನು, ಅತ್ತಿಗೆ ಇನ್ನೂ ಒಳ್ಳೆಯವಳು. ಆದರೆ ಇವಳು ಊಟಕ್ಕೆ ಬಂದು ಕೂತರೆ ಗಂಡ ಹೆಂಡತಿಯ ಮಾತು ನಿಲ್ಲುತ್ತಿತ್ತು, ಎದ್ದು ಹೋದರೆ ಮತ್ತೆ ಶುರುವಾಗುತ್ತಿತ್ತು. ಇಸ್ತ್ರಿ ಮೇಜು, ಹಳೆ ಸೂಟ್‌ಕೇಸುಗಳ ನಡುವೆ ಅವಳ ಹಾಸಿಗೆ. ಗೋಡೆಯಾಚೆಯ ನಗು ಕೇಳುತ್ತಾ ಮಲಗುವುದು ಅವಳಿಗೆ ರೂಢಿಯಾಗಿತ್ತು. ರೂಢಿಯಾದ ಮಾತ್ರಕ್ಕೆ ನೋವು ಕಮ್ಮಿಯಾಗಿರಲಿಲ್ಲ.

ಅಂಥದ್ದರಲ್ಲಿ ಮಿಷಿನ್ನವನು ಮತ್ತೆ ಬಂದ. ಆಮೇಲೆ ಬರುತ್ತಲೇ ಇದ್ದ.

"ಈ ಬಿಪಿ ಮಿಷಿನ್ ನನ್ನ ಪೇಷಂಟ್‌ಗಳಿಗಿಂತ ಹೆಚ್ಚು ಕಾಯಿಲೆ ಬೀಳ್ತಿದೆಯಲ್ಲ," ಎಂದು ಡಾಕ್ಟರಮ್ಮ ಕಾಲೆಳೆದರು. ಆತ ಕಿವಿ ಕೆಂಪಗೆ ಮಾಡಿಕೊಂಡು ಸ್ಕ್ರೂ ತಿರುಗಿಸಿದ.

ಮಧ್ಯಾಹ್ನ ಕ್ಲಿನಿಕ್ ಖಾಲಿಯಾಗುತ್ತಿತ್ತು. ಬೆಂಚಿನ ಮೇಲೆ ಇಬ್ಬರೇ. ಈ ಸಲದ ಪರೀಕ್ಷೆಯೂ ಆಯಿತು, ಇನ್ನು ಸಂದರ್ಶನ ಮಾತ್ರ ಎಂದು ಅವಳಿಂದ ಕೇಳಿದವನು, ಅಂಗಿಯ ತೋಳು ಮಡಚಿ ಕೈ ಚಾಚಿದ. "ಅಭ್ಯಾಸಕ್ಕೆ ಇಟ್ಕೊಳ್ಳಿ. ನನ್ನ ಕೈಗೆ ಹೇಗಿದ್ರೂ ಮಿಷಿನ್ ಬಿಟ್ರೆ ಬೇರೆ ಸಹವಾಸ ಇಲ್ಲ."

ಅವಳು ಹಿಡಿದಳು. ಅಮ್ಮ ಹೋದ ಮೇಲೆ ಒಂದು ಕೈಯನ್ನು ಅಷ್ಟು ಹೊತ್ತು ಹಿಡಿದೇ ಇರಲಿಲ್ಲ. ಗೋಡೆ ಗಡಿಯಾರದ ಮುಳ್ಳು ನೋಡುತ್ತಾ ಎಣಿಸುತ್ತಿದ್ದಳು, ಆತ ಅವಳ ರೆಪ್ಪೆ ನೋಡುತ್ತಿದ್ದ. ಅವಳು ತಟ್ಟನೆ ತಿರುಗಿದರೆ ಗೋಡೆಯ ಮೇಲಿನ ಕಣ್ಣಿನ ಚಾರ್ಟ್ ಓದುವವನ ಹಾಗೆ ನಟಿಸುತ್ತಿದ್ದ.

"ಇವತ್ತೂ ಜೋರು," ಎನ್ನುವಳು.

"ಹೌದಾ? ಹಾಗಾದ್ರೆ ನಾಳೆ ಮತ್ತೆ ನೋಡ್ಬೇಕಾಗುತ್ತೆ," ಎನ್ನುವನು.

ರಿಪೇರಿ ಕೋಣೆಯಲ್ಲಿ ತಾನೊಬ್ಬನೇ ಎಂದೂ, ಯಾವುದಾದರೂ ಕೆಟ್ಟು ನಿಂತಾಗ ಮಾತ್ರ ಜನಕ್ಕೆ ತನ್ನ ನೆನಪಾಗುತ್ತದೆ ಎಂದೂ ಒಂದು ದಿನ ಹೇಳಿದ. ಅವತ್ತು ಅವಳು ಎಣಿಸಿ ಮುಗಿದ ಮೇಲೂ ಕೈ ಬಿಡಲಿಲ್ಲ, ಅಷ್ಟೇ.

ಸಂದರ್ಶನದ ಹಿಂದಿನ ಮಧ್ಯಾಹ್ನ ಆತ ನಗಲಿಲ್ಲ.

"ಇವತ್ತಂತೂ ಓಡ್ತಾ ಇದೆ. ನೀವು ಡಾಕ್ಟರಮ್ಮನಿಗೆ ತೋರಿಸ್ಲೇಬೇಕು," ಎಂದಳು.

"ಹೆಬ್ಬೆರಳು ತೆಗೀರಿ."

"ಏನು?"

ಅವಳ ಹೆಬ್ಬೆರಳು ಬಿಡಿಸಿ, ಉಳಿದ ಬೆರಳುಗಳ ತುದಿಯನ್ನು ತನ್ನ ಮಣಿಕಟ್ಟಿನ ಮೇಲೆ ಮೆಲ್ಲಗೆ ಒತ್ತಿದ. "ಈಗ ನೋಡಿ."

ಬೇರೆಯೇ ಬಡಿತ. ನಿಧಾನ, ಆಲಸಿ ಮನುಷ್ಯ ಮೆಟ್ಟಿಲು ಹತ್ತುವ ಹಾಗೆ.

"ಇದು ನಂದು. ಹೆಬ್ಬೆರಳಿಗೂ ನಾಡಿ ಇರುತ್ತೆ, ಒತ್ತಿ ಹಿಡಿದ್ರೆ ಅದೇ ಬೆರಳಿಗೆ ತಿಳಿಯೋದು. ಇಷ್ಟು ದಿನ ನೀವು ಎಣಿಸಿದ್ದು ನಿಮ್ಮದನ್ನ."

ಅವಳಿಗೆ ಮೊದಲು ನಾಚಿಕೆಯಾಯಿತು. ಮೊದಲ ದಿನವೇ ಅಷ್ಟು ಜೋರಾಗಿ ಬಡಿದುಕೊಂಡಿದ್ದು ತನ್ನ ಎದೆಯೇ! ಆಮೇಲೆ ಮೈಯೆಲ್ಲ ಉರಿಯಿತು.

"ನಿಮಗೆ ಯಾವಾಗ್ಲಿಂದ ಗೊತ್ತು?"

"ಮೊದಲ ದಿನದಿಂದ." ತಲೆ ತಗ್ಗಿಸಿದ. "ಹೇಳಿದ್ರೆ ಒಂದೇ ದಿನದಲ್ಲಿ ಕಲ್ತುಬಿಡ್ತಿದ್ರಿ. ಆಮೇಲೆ ನನ್ನ ಕೈ ಹಿಡಿಯೋಕೆ ನಿಮಗೆ ಕಾರಣವೇ ಇರ್ತಿರ್ಲಿಲ್ಲ."

"ಹೋದ ವರ್ಷ ನನ್ನ ಸೀಟು ಹೋಗಿದ್ದು ಇದರಿಂದ. ಈ ವರ್ಷನೂ ಹೋಗ್ತಿತ್ತು, ಅಲ್ವಾ? ನಾನು ನಿಮಗೆ ಆಟದ ಸಾಮಾನಾ?" ಮಾತು ಅಲ್ಲಿಗೇ ತುಂಡಾಯಿತು. ಇನ್ನೊಂದು ಕೈ ನೆನಪಾಗಿತ್ತು, ಒಣಗಿದ, ತಣ್ಣಗಿನ ಕೈ. "ಅಮ್ಮನ ಕೊನೇ ದಿನ ನಾನು ಹೀಗೇ ಹಿಡ್ಕೊಂಡಿದ್ದೆ. ಚೆನ್ನಾಗಿ ಬಡ್ಕೊಳ್ತಿದೆ ಅಂತ ಅಣ್ಣನಿಗೆ ಹೇಳ್ತಾನೇ ಇದ್ದೆ."

ಆತನ ಮುಖ ಬಿಳಿಚಿತು.

"ಹೋಗಿ," ಎಂದಳು.

ಹೋದ. ಖಾಲಿ ಬೆಂಚುಗಳ ನಡುವೆ ಅವಳೊಬ್ಬಳೇ ಕೂತು, ತನ್ನ ಎಡಗೈಯನ್ನು ತಾನೇ ಹಿಡಿದುಕೊಂಡು, ಸರಿಯಾದ ಬೆರಳುಗಳಿಂದ, ಅಳುತ್ತಾ ಎಣಿಸಿದಳು.

ರಾತ್ರಿ ಊಟದ ಮೇಜಿಗೆ ಬಂದಾಗ ಎಂದಿನಂತೆ ಮಾತು ನಿಂತಿತು. ಈ ಸಲ ಅವಳೇ ಶುರುಮಾಡಿದಳು.

"ಅಣ್ಣಾ, ಅಮ್ಮನ ನಾಡಿ ಚೆನ್ನಾಗಿದೆ ಅಂದಿದ್ನಲ್ಲ, ಅದು ಸುಳ್ಳು. ನಾನು ಎಣಿಸಿದ್ದು ನನ್ನದೇ ಬಡಿತ. ನಾನು ಸರಿಯಾಗಿ ಹೇಳಿದ್ದಿದ್ರೆ..."

ಅಣ್ಣ ತಟ್ಟೆ ಪಕ್ಕಕ್ಕೆ ಸರಿಸಿದ. "ಹೇಳಿದ್ದಿದ್ರೆ ಏನಾಗ್ತಿತ್ತು ಪುಟ್ಟಾ? ಇನ್ನೇನೂ ಮಾಡೋಕಾಗಲ್ಲ ಅಂತ ಆಸ್ಪತ್ರೆಯವರೇ ಮನೆಗೆ ಕಳ್ಸಿದ್ರು. ನಿನಗೆ ನಿದ್ದೆ ಇಲ್ಲ ಅಂತ ನಾನು ನಿನ್ನ ಕೈ ಬಿಡಿಸೋಕೆ ಬಂದ್ರೆ ಅಮ್ಮ ನನ್ನನ್ನೇ ಗದರಿಸಿದ್ಲು. ಇರ್ಲಿ ಬಿಡೋ, ಬೆಚ್ಚಗಿದೆ ಅಂತ."

ಅತ್ತಿಗೆ ಅವಳ ತಟ್ಟೆಗೆ ಇನ್ನಷ್ಟು ಬಡಿಸಿದಳು. ಅಂದು ಅವಳು ಬೇಗ ಎದ್ದು ಹೋಗಲಿಲ್ಲ.

ಮರುದಿನ ಸಂದರ್ಶನದಲ್ಲಿ ಅದೇ ಹಿರಿಯ ನರ್ಸ್ ಇದ್ದರು. "ಹೋದ ವರ್ಷ ಬಂದಿದ್ರಿ, ಅಲ್ವಾ? ಏನು ಕಲ್ತಿದೀರಿ?"

"ಹೋದ ವರ್ಷ ನಿಮ್ಮ ಕೈ ಹಿಡ್ಕೊಂಡು ನನ್ನ ನಾಡಿ ಹೇಳಿದ್ದೆ ಮೇಡಂ. ಈ ವರ್ಷ ನಿಮ್ಮದನ್ನೇ ಹೇಳ್ತೀನಿ."

ಮೇಜಿನ ಸುತ್ತ ಇದ್ದವರು ನಕ್ಕರು. ಆಕೆ ಕೈ ಚಾಚಿದರು. ಅವಳು ಎಣಿಸಿ ಹೇಳಿದಾಗ ತಲೆದೂಗಿ, "ಯಾರು ತಿದ್ದಿದ್ದು?" ಎಂದರು.

ಅವಳಿಗೆ ಸಿಟ್ಟು ಇನ್ನೂ ಆರಿರಲಿಲ್ಲ. ಆದರೂ ಸುಳ್ಳು ಹೇಳಲಾಗಲಿಲ್ಲ. "ನಮ್ಮ ಮಿಷಿನ್ ರಿಪೇರಿಯವರು."

ಸೀಟು ಸಿಕ್ಕಿತು. ಕಾಲೇಜು ದೂರದ ಊರಿನಲ್ಲಿ, ಹಾಸ್ಟೆಲ್ಲಿನಲ್ಲೇ ಇರಬೇಕು, ವರ್ಷಗಟ್ಟಲೆ ಓದು. ಡಾಕ್ಟರಮ್ಮ ಅಪ್ಪಿಕೊಂಡರು, "ಬಿಪಿ ಮಿಷಿನ್ ಯಾಕೋ ಈಗ ಕೆಡ್ತಾನೇ ಇಲ್ಲ ಕಣೇ," ಎಂದೂ ಸೇರಿಸಿದರು.

ಹೊರಡುವ ದಿನ ಅಣ್ಣ ಸೂಟ್‌ಕೇಸ್ ಬಸ್ಸಿಗೇರಿಸಿ ನೀರಿನ ಬಾಟಲಿ ತರಲು ಹೋದ. ಆಗ ಕಂಬದ ಮರೆಯಿಂದ ಮಿಷಿನ್ನವನು ಬಂದ. ಇನ್ನಷ್ಟು ಬಡಕಲಾಗಿದ್ದ.

"ಕ್ಷಮೆ ಕೇಳೋಕೆ ಬಂದೆ. ಮೊದಲನೇ ದಿನಾನೇ ಹೇಳ್ಬೇಕಿತ್ತು. ನೀವು ನನಗೆ ಇಷ್ಟ ಅನ್ನೋದನ್ನೂ ಅವತ್ತೇ ಹೇಳ್ಬೇಕಿತ್ತು. ಎರಡನ್ನೂ ಬಚ್ಚಿಟ್ಟೆ."

"ಕೈ ಕೊಡಿ," ಎಂದಳು.

ಕೊಟ್ಟ. ಹೆಬ್ಬೆರಳನ್ನು ದೂರ ಇಟ್ಟು, ಬಸ್‌ಸ್ಟ್ಯಾಂಡಿನ ಗಡಿಯಾರ ನೋಡುತ್ತಾ ಎಣಿಸಿದಳು. ಆ ಆಲಸಿ ಬಡಿತ ಇವತ್ತು ಮೆಟ್ಟಿಲು ಹಾರಿ ಹಾರಿ ಓಡುತ್ತಿತ್ತು.

"ಜೋರಾಗಿದೆ," ಎಂದಳು. "ಈ ಸಲ ನಿಮ್ಮದೇ."

"ಗೊತ್ತು."

ಡ್ರೈವರ್ ಹಾರ್ನ್ ಒತ್ತಿದ. ಅವಳು ಕೈ ಬಿಟ್ಟು ಮೆಟ್ಟಿಲು ಹತ್ತಿದಳು, ಕಿಟಕಿಯ ಪಕ್ಕ ಕೂತಳು. ಪಕ್ಕದ ಸೀಟು ಖಾಲಿ. ಆ ಊರಿನಲ್ಲಿ ತನ್ನನ್ನು ಟೋಕನಕ್ಕ ಎನ್ನುವವರೂ ಇರುವುದಿಲ್ಲ ಎಂಬುದು ಆಗ ಹೊಳೆಯಿತು. ಕೆಳಗೆ ಆತ ಜೇಬಿಗೆ ಕೈ ಹಾಕಿ ನಿಂತಿದ್ದ.

"ಆ ಟೋಕನ್ ಏನು ಮಾಡಿದ್ರಿ?" ಎಂದು ಕೂಗಿದಳು.

ಜೇಬಿನಿಂದ ತೆಗೆದು ತೋರಿಸಿದ. ಅಂಚು ಸವೆದಿತ್ತು.

ಬಸ್ಸು ಚಲಿಸಿತು. ಅವಳು ಕಿಟಕಿಯಿಂದ ಮುಖ ಹೊರಗೆ ಹಾಕಿ, ಕ್ಲಿನಿಕ್ಕಿನ ಬಾಗಿಲಲ್ಲಿ ಗದರುವ ಅದೇ ದನಿಯಲ್ಲಿ ಹೇಳಿದಳು. "ಈ ಸಲ ಸಾಲು ತಪ್ಪಿಸೋಕಾಗಲ್ಲ. ಕೂತ್ಕೊಂಡು ಕಾಯ್ಬೇಕು."