ಮಸಿ ಹಚ್ಚಿದ ನಕ್ಷತ್ರ

"ನನ್ನ ನಕ್ಷತ್ರ ಎಲ್ಲಿ?"

ಟಿಳಕವಾಡಿಯ ಫೋಟೊ ಸ್ಟುಡಿಯೋದ ಟೇಬಲ್ಲಿನ ಮೇಲೆ ಎರಡು ಫೋಟೊ ಪಟ್ಟನೆ ಬಿದ್ದವು. ಎದುರಿಗೆ ಮೇಘಾ. ಕಣ್ಣಲ್ಲಿ ಬೆಂಕಿ!

ಸ್ಟುಡಿಯೋದ ನಾಗಲಿಂಗ ಹಲ್ಲು ಕಿರಿದ. "ಎಂಟ್ರಿ ಭಾರೀ ಐತ್ರಿ ಮೇಡಂ! ಹಿಂದ ಮ್ಯೂಸಿಕ್ ಒಂದ ಕಮ್ಮಿ."

"ಜೋಕ್ ಬ್ಯಾಡ್ರಿ! ಇದು ಹತ್ತು ವರ್ಷದ ಹಿಂದ ನಮ್ಮ ಗುರುಪಾದಪ್ಪ ಸರ್ ಖಾನಾಪುರದ ಸಾಲಿ ಮಾಳಿಗಿ ಮ್ಯಾಲಿಂದ ತಗದ ಆಕಾಶದ ಫೋಟೊ. ಇದು ಹೋದ ತಿಂಗಳ ನಾ ತಗದದ್ದು. ನಡುವ ಒಂದ ಚುಕ್ಕಿ ಸರದದ್ದು ನೆಗೆಟಿವ್‌ದಾಗ ನಾನ ನೋಡೇನಿ. ಈಗ ಎರಡರಾಗೂ ಇಲ್ಲ!"

"ಓ, ಅದಾ? ಉಳಿದ ಚುಕ್ಕಿ ಎಲ್ಲಾ ಎರಡೂ ಫೋಟೊದಾಗ ಒಂದ ಜಾಗಾದಾಗ ಕುಂತಿದ್ವು. ಅದೊಂದ ಅಡ್ಡಾಡತಿತ್ತು. ಧೂಳ ಅಂತ ತಿಳದು ಕರಿ ಮಸಿ ಹಚ್ಚಿಬಿಟ್ಟೆ. ಮದವಿ ಫೋಟೊದಾಗ ಒಂದ ಮೊಡವಿ ಬಿಡಂಗಿಲ್ಲ ನಾ!"

ಆ ನಕ್ಷತ್ರ ಓಡುತ್ತಿದೆ ಎಂದು ತೋರಿಸುವುದೇ ಮೇಘಾಳ ಎಮ್ಮೆಸ್ಸಿ ಪ್ರಾಜೆಕ್ಟು. ಪರೀಕ್ಷೆ ನಾಳೆ ಹತ್ತಕ್ಕೆ! ಸ್ಟುಡಿಯೋದವರು ನೆಗೆಟಿವನ್ನೇ ಬ್ಲೇಡಿನಿಂದ ಕೆರೆದು ತಿದ್ದುವುದನ್ನು ಅವಳು ನೋಡಿದ್ದಳು. ಮುಗಿಯಿತು... ಎಲ್ಲ ಮುಗಿಯಿತು!

"ಮೇಡಂ, ಪೂರಾ ಕೇಳ್ರಿಲ್ಲಿ..."

ಕೇಳಲು ಅವಳಿದ್ದರೆ ತಾನೆ? ಖಾನಾಪುರದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತಳು.

ಸಂಜೆ ಐದಕ್ಕೆ ಅವಳ ಮನೆ ಮುಂದೆ ಸ್ಕೂಟರೊಂದು ಕೆಮ್ಮಿ ನಿಂತಿತು. ಫಿಲ್ಮ್ ಕವರಿನ ಮೇಲಿದ್ದ ವಿಳಾಸ ಹಿಡಿದು ಬಂದ ನಾಗಲಿಂಗ ತಲೆಯಿಂದ ಕಾಲಿನವರೆಗೆ ಕೆಂಪಾಗಿದ್ದ.

"ಮೇಘಾ, ಯಾರೋ ಮಣ್ಣಾಗ ಹೊಳ್ಳಾಡಿ ಬಂದಾನ ನೋಡ!" ಅವ್ವ ಸಂಗವ್ವ ಕೂಗಿದಳು.

"ನೆಗೆಟಿವ್ ಮುಟ್ಟಿಲ್ರಿ! ಮಸಿ ಹಚ್ಚಿದ್ದು ಪ್ರಿಂಟಿಗೆ ಅಷ್ಟ. ಹೊಸಾ ಪ್ರಿಂಟ್ ತಂದೇನಿ," ಎಂದ ಅವನು, ಏದುಸಿರು ಬಿಡುತ್ತ.

ಮೇಘಾ ಭೂತಗನ್ನಡಿ ಹಿಡಿದು ಬಾಗಿದಳು. ಅಂದು ಇಲ್ಲಿತ್ತು... ಇಂದು ಅಲ್ಲಿದೆ! ಸಾಸಿವೆ ಕಾಳಿನಷ್ಟು ಸರಿದಿದೆ!

"ಅಲ್ಲಿಂದ ಬೆಳಕು ಬರಾಕನ ಆರು ವರ್ಷ ಬೇಕು. ಅಷ್ಟ ದೂರ ಐತಿ," ಎಂದಳು, ಕಣ್ಣೊರೆಸಿಕೊಂಡು. ತಟ್ಟನೆ ತಲೆಯೆತ್ತಿದಳು. "ಇದನ್ನ ಹುಡಕಾಕ ನನಗ ಮೂರು ವಾರ ಹಿಡೀತು. ನಿಮಗ ಹೆಂಗ ಸಿಕ್ತು? ಒಂದೊಂದ ಚುಕ್ಕಿ ಹೋಲಿಸಿ ನೋಡಿದ್ರೇನು?"

ಬಾಯಿಬಡುಕ ನಾಗಲಿಂಗ ಮೊದಲ ಸಲ ತಡವರಿಸಿದ.

"ಇಡೀ ದಿನ ನೋಡೇನ್ರಿ... ಬ್ಯಾರೆ ಯಾರದೂ ಹಿಂಗ ನೋಡಂಗಿಲ್ಲ. ನೀವು ಫಿಲ್ಮ್ ಕೊಡಾಕ ಬರಾಕತ್ತಿದಾಗಿಂದ... ನಿಮ್ಮ ಕೆಲಸದಾಗ ಒಂದ ಧೂಳಿನ ಕಲೆನೂ ಇರಬಾರ್ದು ಅಂತ..."

ಅಯ್ಯೋ! ಮೇಘಾಳ ಕೆನ್ನೆ ಬಿಸಿಯಾಯಿತು.

"ನಾಳೆ ಹತ್ತಕ್ಕ ಬರ್ರಿ. ಪರೀಕ್ಷಾ ಮುಗಿಯೂತನಕ ನನ್ನ ಬಾಜೂಕ ನಿಲ್ರಿ."

"ಬರ್ತೀನ್ರಿ! ಆದ್ರ ಯಾರಂತ ಕೇಳಿದ್ರ ಏನ್ ಹೇಳ್ಲಿ?"

"ನಾಳೆ ಫೋಟೊಗ್ರಾಫರ್ ಅನ್ರಿ..." ಮೇಘಾ ನಾಚಿ ಒಳಗೆ ಓಡುತ್ತ ತಿರುಗಿದಳು. "ನಾಡಿದ್ದ ಏನ್ ಅನ್ನೂದಂತ ಅವ್ವನ್ನ ಕೇಳೂಣು!"