ಹಾಳೆಯ ಹಿಂಬದಿಯ ಪ್ರಾರ್ಥನೆ

ಪ್ರಾರ್ಥನೆಯ ಹೊತ್ತಿನಲ್ಲಿ ಕಣ್ಣು ತೆರೆಯಬಾರದು ಎಂದು ಧಾರವಾಡದ ಹೆಣ್ಣುಮಕ್ಕಳ ಸಾಲೆಯಲ್ಲಿ ದಿನಾಲೂ ಬುದ್ಧಿ ಹೇಳುವ ಸಲೋಮಿಯೇ ಆ ಶನಿವಾರ ಕಣ್ಣು ತೆರೆದಳು. ಸುಮ್ಮನೆ ತೆರೆಯಲಿಲ್ಲ, ಕಾರಣವಿತ್ತು.

ಹುಬ್ಬಳ್ಳಿಯ ರೇಲ್ವೆ ವರ್ಕ್‌ಶಾಪಿನ ಹಿಂದಿನ ಓಣಿಯಲ್ಲಿ ಗುಡ್ಡವ್ವ ಎಂಬ ವಿಧವೆ ಮುದುಕಿಯ ಮನೆ. ಶನಿವಾರ ವರ್ಕ್‌ಶಾಪು ಅರ್ಧ ದಿನಕ್ಕೇ ಬಿಡುತ್ತಿತ್ತು. ಮಧ್ಯಾಹ್ನ ಅವಳ ಪಡಸಾಲೆಯಲ್ಲಿ ಓಣಿಯ ಕ್ರೈಸ್ತ ಮನೆಗಳವರು ಹತ್ತು-ಹನ್ನೆರಡು ಮಂದಿ ಸೇರುತ್ತಿದ್ದರು. ಸಲೋಮಿ ಧಾರವಾಡದಿಂದ ರೈಲಿನಲ್ಲಿ ಬಂದು ಅವರಿಗೆ ಶಾಸ್ತ್ರಪಾಠ ಓದಿ ಹೇಳುತ್ತಿದ್ದಳು. ಕೊನೆಗೆ ಸರದಿ ಪ್ರಾರ್ಥನೆ. ಸುತ್ತಲೂ ಕುಳಿತವರು ಒಬ್ಬರಾದ ಮೇಲೊಬ್ಬರು ಬಾಯಿಬಿಟ್ಟು ಪ್ರಾರ್ಥಿಸಬೇಕು. ಆಗದವರು ಪಕ್ಕದವರ ಮೊಣಕೈ ಮುಟ್ಟಿ ಸರದಿ ದಾಟಿಸಬಹುದು. ಆದರೆ ದಾಟಿಸುವವರೇ ಇರಲಿಲ್ಲ. ಐದು ವರ್ಷದ ಹುಡುಗಿ ಕೂಡ "ದೇವರೇ, ನಮ್ಮ ಆಡು ಲಗೂ ಈಯಲಿ" ಎಂದು ಕೇಳಿಕೊಳ್ಳುವ ಓಣಿ ಅದು.

ಅಂದು ಸರದಿ ಬಾಗಿಲ ಬಳಿ ಕುಳಿತ ಹೊಸಬನಿಗೆ ಬಂತು. ಬಂದದ್ದು ಅಲ್ಲೇ ನಿಂತಿತು. ಒಂದು ಉಸಿರು, ಎರಡು ಉಸಿರು, ಹತ್ತು ಉಸಿರು. ನಿದ್ದೆ ಹೋದನೇ ಪುಣ್ಯಾತ್ಮ ಎಂದುಕೊಂಡು ಸಲೋಮಿ ಒಂದೇ ಕಣ್ಣನ್ನು, ಅದೂ ಅರ್ಧ, ತೆರೆದಳು.

ಆತ ಎರಡೂ ಕಣ್ಣು ತೆರೆದು ಅವಳನ್ನೇ ನೋಡುತ್ತಿದ್ದ.

ಸಲೋಮಿಯ ಅರ್ಧ ಕಣ್ಣು ತಾನಾಗಿಯೇ ಪೂರ್ತಿ ತೆರೆಯಿತು. ಆತನ ಕಿವಿಗಳು ಕೆಂಪಾದವು. ಗಡಬಡಿಸಿ ಪಕ್ಕದ ಗುಡ್ಡವ್ವನ ಮೊಣಕೈ ಮುಟ್ಟಿದ. ಗುಡ್ಡವ್ವ ಏನೂ ಆಗದವಳಂತೆ ಪ್ರಾರ್ಥನೆ ಎತ್ತಿಕೊಂಡಳು. ಉಳಿದಷ್ಟು ಹೊತ್ತೂ ಸಲೋಮಿ ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡಿದ್ದಳು, ಆದರೆ ಯಾರು ಏನು ಪ್ರಾರ್ಥಿಸಿದರೆಂದು ಕೇಳಿದ್ದರೆ ಒಂದನ್ನೂ ಹೇಳುತ್ತಿರಲಿಲ್ಲ.

"ಪ್ರಾರ್ಥನಿಯೊಳಗ ಕಣ್ಣು ತಗದಿದ್ರಿ" ಎಂದಳು ಆಮೇಲೆ, ಸಾಲೆಯ ದನಿಯಲ್ಲಿ.

"ಹೌದ್ರಿ ಅಕ್ಕೋರ."

"ತಪ್ಪಲ್ಲೇನು?"

"ತಪ್ಪರಿ. ನೀವು ಮುಚ್ಚಿಕೊಂಡಿದ್ರ ಅದು ನಿಮಗ ಹೆಂಗ ಕಂಡತ್ರಿ?"

ಗುಡ್ಡವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. "ಇಂವ ಯೋನಪ್ಪ ಅಂತ, ಯವ್ವಾ. ಬೆಟಗೇರಿ ಕಡಿಯಾಂವ. ವರ್ಕ್‌ಶಾಪಿನ್ಯಾಗ ಫಿಟ್ಟರ್. ತಾಯಿ-ತಂದಿ ಇಲ್ಲ. ನನ್ನ ಬಾಜೂ ಖೋಲಿಯೊಳಗ ಇರ್ತಾನ."

"ಬಾಯಿ ಯಾಕ ತಗೀಲಿಲ್ಲ ಮತ್ತ?"

"ಒಬ್ಬನ ಇದ್ದಾಗ ದೇವರ ಕೂಡ ಎಷ್ಟರೆ ಮಾತಾಡ್ತೇನ್ರಿ. ಮಂದಿ ಕೇಳಾಕತ್ತಾರ ಅಂದ್ರ ನಾಲಿಗಿ ಒಣಗತೈತಿ" ಎಂದ ಯೋನಪ್ಪ. ಹೇಳಿದ ರೀತಿಯಲ್ಲಿ ನಾಚಿಕೆಯಿತ್ತು, ನೆಪ ಇರಲಿಲ್ಲ.

ಅಲ್ಲಿಂದ ಸಲೋಮಿಗೆ ಶನಿವಾರ ಬರುವುದು ತಡವಾಗತೊಡಗಿತು. ವಾರಕ್ಕೆ ಏಳೇ ದಿನ, ಆದರೆ ಬುಧವಾರ ಎನ್ನುವುದು ಎರಡು ಸಲ ಬಂದಂತೆ ಅನಿಸುತ್ತಿತ್ತು.

ಪ್ರಾರ್ಥನೆ ಮುಗಿದ ಮೇಲೆ ಅವಳನ್ನು ಸ್ಟೇಶನ್ನಿಗೆ ಮುಟ್ಟಿಸಲು ಗುಡ್ಡವ್ವ ಬರುತ್ತಿದ್ದಳು, ಗುಡ್ಡವ್ವನಿಗೆ ಆಸರೆಯೆಂದು ಯೋನಪ್ಪ ಬರುತ್ತಿದ್ದ. ಆ ಮುದುಕಿಯ ಮೊಣಕಾಲು ಸ್ಟೇಶನ್ನಿಗೆ ಹೋಗುವಾಗ ಮಾತ್ರ ನೋಯುತ್ತಿತ್ತು. "ನೀವು ಮುಂದ ನಡೀರಿ, ನಾ ಹಿಂದಿಂದ ಬರ್ತೇನಿ" ಎಂದು ಇಪ್ಪತ್ತು ಹೆಜ್ಜೆ ಹಿಂದೆ ಉಳಿಯುವಳು. ವಾಪಸು ಹೋಗುವಾಗ ಅವಳ ನಡಿಗೆಗೆ ಯೋನಪ್ಪನೇ ಓಡಬೇಕಾಗುತ್ತಿತ್ತು.

ಆ ಇಪ್ಪತ್ತು ಹೆಜ್ಜೆಗಳಲ್ಲಿ ಸಲೋಮಿ ಅವನನ್ನು ಓದುತ್ತ ಹೋದಳು. ಓಣಿಯ ಮಾಳವ್ವನ ಗಂಡನ ಕೈ ಯಂತ್ರಕ್ಕೆ ಸಿಕ್ಕಿ ಜಖಮಾಗಿತ್ತು. ಯಾರಾದರೂ ದೇವರ ಹೆಸರೆತ್ತಿದರೆ ಆತ ಮುಖ ತಿರುಗಿಸುತ್ತಿದ್ದ. ಸಲೋಮಿ ಅವನ ಮುಂದೆ ಕುಳಿತು ಧೈರ್ಯದ ಬಗ್ಗೆ ಅರ್ಧ ಗಂಟೆ ಮಾತಾಡಿ ಬಂದಿದ್ದಳು. ಎರಡು ವಾರದ ಮೇಲೆ ಆತ ಪ್ರಾರ್ಥನೆಗೆ ಬಂದು ಕುಳಿತಾಗ ತನ್ನ ಮಾತು ಫಲಿಸಿತೆಂದು ಒಳಗೊಳಗೇ ಹಿಗ್ಗಿದಳು. ಮಾಳವ್ವ ಹೇಳಿದ್ದೇ ಬೇರೆ: "ಯೋನಪ್ಪ ದಿನಾ ಸಂಜೀಕ ಬಂದು ಇವರ ಬಾಜೂ ಕುಂತು, ರೊಟ್ಟಿ ಮುರದು ತಿನಿಸಿ ಹೋಗ್ತಿದ್ದ."

"ಅವರಿಗೆ ಏನು ಹೇಳಿದ್ರಿ?" ಎಂದು ಕೇಳಿದಳು ಸಲೋಮಿ, ಅವತ್ತಿನ ದಾರಿಯಲ್ಲಿ.

"ಏನೂ ಇಲ್ರಿ. ಕುಂತಿದ್ದೆ."

"ಏನೂ ಅಂದ್ರ ಏನೂ ಇಲ್ಲ?"

"ಬ್ಯಾಳಿ ಸಾರಿಗೆ ಉಪ್ಪು ಕಮ್ಮಿ ಐತಿ ಅಂದಿದ್ದೆರಿ ಒಂದ ದಿನ."

ಸಲೋಮಿ ನಕ್ಕಳು. ಆ ನಗುವಿನ ಹಿಂದೆಯೇ ತನ್ನ ಅರ್ಧ ಗಂಟೆಯ ಮಾತು ನೆನಪಾಯಿತು. "ದೇವರನ್ನ ಹೆಂಗ ಅರಿತೀರಿ ನೀವು? ಖರೇ ಹೇಳ್ರಿ. ನಾ ಓದಿ ಓದಿ ಮಂದಿಗಿ ಹೇಳ್ತೇನಿ, ನನಗ ಒಮ್ಮೊಮ್ಮೆ ಅನುಮಾನ ಬರತೈತಿ."

ಯೋನಪ್ಪ ವರ್ಕ್‌ಶಾಪಿನ ಕಡೆ ಕೈ ತೋರಿಸಿದ. "ನಾವು ಗಾಲಿಗೆ ಸುತ್ತಿಗಿಲೆ ಬಡದು ನೋಡ್ತೀವ್ರಿ. ಗಟ್ಟಿ ಗಾಲಿ ಗಂಟಿಹಂಗ ನುಡೀತೈತಿ, ಬಿರುಕು ಬಿಟ್ಟಿದ್ದು ಬ್ಯಾರೆ ಸಪ್ಪಳ. ಮೊದಲ ವರ್ಷ ನನಗ ಎರಡೂ ಒಂದ ಕೇಳತಿದ್ದವು. ಯಾರು ಹೇಳಿಕೊಟ್ರೂ ತಿಳೀಲಿಲ್ಲ. ದಿನಾ ಕಿವಿಗೊಟ್ಟು ಕೇಳಿದೆ, ಈಗ ತಿಳೀತೈತಿ. ದೇವರದೂ ಹಂಗ ಇರಬೇಕ್ರಿ. ದಿನಾ ಅವನ ಬಾಜೂ ನಿಂತ್ರ ಅವನ ದನಿ ಯಾವುದು, ನನ್ನ ದನಿ ಯಾವುದು ಅನ್ನೂದು ಗುರ್ತು ಹತ್ತತೈತಿ." ಇಷ್ಟು ಮಾತಾಡಿದ್ದಕ್ಕೆ ತಾನೇ ಗಾಬರಿಯಾಗಿ, "ತಪ್ಪಿದ್ರ ತಿದ್ರಿ ಅಕ್ಕೋರ" ಎಂದ.

ತಿದ್ದುವಂಥದು ಅದರಲ್ಲಿ ಅವಳಿಗೆ ಏನೂ ಕಾಣಲಿಲ್ಲ. ಮನಸ್ಸು ಕೊಟ್ಟಾಗಿತ್ತು. ಸಾಲೆಯ ಮಕ್ಕಳು ಕರೆಯುವಂಥ ಆ 'ಅಕ್ಕೋರ' ಒಂದನ್ನು ಬಿಟ್ಟರೆ ಅವನ ಎಲ್ಲ ಮಾತೂ ಅವಳಿಗೆ ಸೇರುತ್ತಿದ್ದವು.

ಗುಡ್ಡವ್ವನ ಕಣ್ಣು ಮಂಜಾಗಿದ್ದರೂ ಇಂಥದು ಕಾಣದಷ್ಟು ಮಂಜಾಗಿರಲಿಲ್ಲ. ಒಂದು ದಿನ ಧಾರವಾಡಕ್ಕೆ ಹೋಗಿ ಸಲೋಮಿಯ ತಂದೆ ಎಲೀಶಪ್ಪ ಮಾಸ್ತರ ಮುಂದೆ ಮದುವೆಯ ಮಾತು ತೆಗೆದೇಬಿಟ್ಟಳು.

ಎಲೀಶಪ್ಪ ಮಾಸ್ತರು ಸಭೆಯ ಹಿರಿಯರು. ಮೂವತ್ತು ವರ್ಷ ಸಾಲೆಯಲ್ಲೂ ಸಭೆಯಲ್ಲೂ ಒಂದು ಮಾತನ್ನು ಹೇಳುತ್ತ ಬಂದವರು: "ಆಮೆನ್ ಅಂದ್ರ ಕಾಗದಕ್ಕ ಸಹಿ ಹಾಕಿದಂಗ. ಪೂರ್ತಿ ಕೇಳ್ರಿ, ಒಪ್ಪಿಗಿ ಇದ್ರ ಅನ್ರಿ. ಅಂದ ಮ್ಯಾಲ ಹಿಂದಕ್ಕ ತಗೊಳ್ಳಾಕ ಬರಂಗಿಲ್ಲ." ಅಂಥವರ ಮಗಳನ್ನು ಆಗಲೇ ಒಬ್ಬ ಕಾರಕೂನ ಕೇಳಿದ್ದ. ಊಟಕ್ಕೆ ಮುಂಚೆ ಅವನು ಪ್ರಾರ್ಥನೆ ಶುರುಮಾಡಿದರೆ ಮುಗಿಯುವುದರೊಳಗೆ ಸಾರು ಆರಿ ತಣ್ಣಗಾಗುತ್ತಿತ್ತು.

"ಹುಡುಗ ಛಲೋ ಇರಬಹುದು ಗುಡ್ಡವ್ವಾ" ಎಂದರು ಮಾಸ್ತರು. "ಆದ್ರ ಮನಿ ಯಜಮಾನ ಅಂದ್ರ ಸಂಜೀಕ ಪ್ರಾರ್ಥನಿ ನಡಸಾಂವ. ಬಾಯಿನ ತಗೀದಾಂವ ಏನು ನಡಸ್ತಾನ?"

"ಮಾತು ಬಾರದಾಂವಗ ದೇವರ ಗುರ್ತು ಇಲ್ಲಂತೀರೇನ್ರಿ ಮಾಸ್ತರ?"

"ಗುರ್ತು ಇದ್ರ ನಾಕ ಮಂದಿ ಮುಂದ ಮಾತಾಡಸ್ಲಿ. ಬರೂ ಸುಗ್ಗಿ ಹಬ್ಬದ ದಿನ ಸಭಾದ ಮುಂದ ನಿಂತು ಪ್ರಾರ್ಥನಿ ಮಾಡ್ಲಿ. ಮಾಡಿದ್ರ ಮಾತು ಮುಂದುವರಸೂಣು. ಇಲ್ಲಂದ್ರ ಕಾರಕೂನರ ಮನಿಗೆ ಹೂಂ ಅಂತೇನಿ."

ಹಬ್ಬಕ್ಕೆ ಎರಡು ವಾರ ಉಳಿದಿತ್ತು. ಸಲೋಮಿ ಗುಡ್ಡವ್ವನ ಮನೆಯಲ್ಲೇ ಕುಳಿತು, ತನ್ನ ಪ್ರಾರ್ಥನೆಯ ವಹಿಯಲ್ಲಿ ಹತ್ತು ಸಾಲಿನ ಚಂದದ ಪ್ರಾರ್ಥನೆ ಬರೆದಳು. ಬರೆದು ಮುಗಿಸುವಷ್ಟರಲ್ಲಿ ರೈಲಿನ ಹೊತ್ತಾಗಿತ್ತು. ಡಬ್ಬಿಯ ಕಿಟಕಿಯಲ್ಲಿ ಕುಳಿತೇ ಹಾಳೆ ಹರಿದು ಯೋನಪ್ಪನ ಕೈಗೆ ಕೊಟ್ಟಳು.

"ಬಾಯಿಪಾಠ ಮಾಡ್ರಿ."

ಆತ ಮೊದಲ ಸಾಲನ್ನು ತುಟಿಯಲ್ಲೇ ಓದಿದ. "ಇಷ್ಟು ದೊಡ್ಡ ಮಾತು ನನ್ನ ಬಾಯಾಗ ಹೊಂದತಾವೇನ್ರಿ ಅಕ್ಕೋರ?"

"ಅಕ್ಕೋರ ಅನ್ನೂದು ಹೊಂದತೈತಿ, ಇವು ಹೊಂದೂದಿಲ್ಲೇನು?"

"ಮತ್ತೇನನ್ನಲಿ?"

ಗಾರ್ಡ್ ಸೀಟಿ ಊದಿದ. ರೈಲು ಜಗ್ಗಿತು. "ಹಬ್ಬದ ದಿನ ಗೆದ್ದು ಬರ್ರಿ" ಎಂದಳು ಸಲೋಮಿ. "ಆಮ್ಯಾಲ ಹೆಸರು ಹಿಡದು ಕರೀರಿ." ಹೇಳಿದ್ದೇ ತಡ, ಮುಖವನ್ನು ಕಿಟಕಿಯಿಂದ ಒಳಗೆ ಎಳೆದುಕೊಂಡಳು. ಪ್ಲಾಟ್‌ಫಾರ್ಮಿನ ಕೊನೆಯವರೆಗೂ ಆತ ರೈಲಿನ ಜೊತೆ ನಡೆದು ಬಂದ.

ರಾತ್ರಿಯ ಊಟಕ್ಕೆ ಮುಂಚೆ ವಹಿ ತೆರೆದಾಗ ಅವಳಿಗೆ ಹೊಳೆಯಿತು. ಹರಿದ ಹಾಳೆಯ ಹಿಂಬದಿಯಲ್ಲಿ ಮಂಗಳವಾರದ ಅವಳ ಸ್ವಂತ ಪ್ರಾರ್ಥನೆ ಇತ್ತು. ಒಂದೊಂದು ಅಕ್ಷರವೂ ಅವಳಿಗೆ ನೆನಪಿತ್ತು.

'ದೇವರೇ, ನಿನ್ನ ಬಗ್ಗೆ ನಾನು ಬಹಳ ಮಾತಾಡಿದ್ದೇನೆ. ನಿನ್ನ ಮಾತು ಕೇಳುವುದನ್ನು ಈಗ ಯೋನಪ್ಪನವರ ಹತ್ತಿರ ಕಲಿಯುತ್ತಿದ್ದೇನೆ. ಅವರನ್ನು ನನಗೆ ಕೊಡು. ಕೊಡುವುದಿಲ್ಲವಾದರೆ ಈ ಆಸೆಯನ್ನಾದರೂ ತೆಗೆದುಕೊಂಡು ಹೋಗು. ಆದರೆ ಎರಡರಲ್ಲಿ ಮೊದಲಿನದನ್ನು ಮಾಡಿದರೆ ಉತ್ತಮ.'

ದೇವರಿಗೆ ಬರೆದದ್ದು ಫಿಟ್ಟರನಿಗೆ ಮುಟ್ಟಿತ್ತು. ಹೆಣ್ಣುಮಗಳು ಇಷ್ಟು ನಾಚಿಕೆ ಬಿಟ್ಟು ಬರೆಯುವುದೇ ಎಂದು ಆತ ಏನೆಂದುಕೊಂಡನೋ! ಮರು ಶನಿವಾರ ಮನಸ್ಸು ಗಟ್ಟಿ ಮಾಡಿಕೊಂಡು ಹುಬ್ಬಳ್ಳಿಗೆ ಹೋದರೆ, ಬಾಗಿಲ ಬಳಿಯ ಜಾಗ ಖಾಲಿ.

"ನನ್ನ ಕೂಡನೂ ಮಾತಿಲ್ಲ" ಎಂದಳು ಗುಡ್ಡವ್ವ. "ಕಿಸೆದಾಗಿಂದ ಕಾಗದ ತಗೀತಾನ, ನೋಡ್ತಾನ, ಇಡ್ತಾನ. ಇವತ್ತ ಹೇಳದ ಕೇಳದ ಎದ್ದು ಹೋಗ್ಯಾನ."

ಸಲೋಮಿಯ ಕಣ್ಣು ತುಂಬಿದವು. ಅವತ್ತು ಸರದಿ ಅವಳಿಗೆ ಬಂದಾಗ ಅವಳೇ ಪಕ್ಕದವರ ಮೊಣಕೈ ಮುಟ್ಟಿದಳು.

ಹಬ್ಬದ ಭಾನುವಾರ ಧಾರವಾಡದ ಚರ್ಚಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ವೇದಿಕೆಯ ಮುಂದೆ ಜೋಳದ ತೆನೆ, ಕುಂಬಳಕಾಯಿ, ಬುಟ್ಟಿಗಟ್ಟಲೆ ಪೇರಲ, ಹಸಿಮೆಣಸಿನಕಾಯಿ ರಾಶಿಯಾಗಿದ್ದವು. ಗುಡ್ಡವ್ವ ಹುಬ್ಬಳ್ಳಿಯಿಂದ ಕಾಲು ಕಟ್ಟಿ ತಂದಿದ್ದ ಕೋಳಿಯೂ ಅಲ್ಲೇ ಕುಳಿತು ಸಭೆಯನ್ನು ನೋಡುತ್ತಿತ್ತು. ಹುಬ್ಬಳ್ಳಿಯ ಓಣಿಗೆ ಓಣಿಯೇ ಬಂದಿತ್ತು. ಅವರ ಹಿಂದೆ, ಒಗೆದ ಬಿಳಿ ಅಂಗಿಯಲ್ಲಿ, ಯೋನಪ್ಪ. ಆತ ಅವಳ ಕಡೆ ನೋಡಲಿಲ್ಲ. ಸಲೋಮಿ ಬೇರೆ ಎತ್ತಲೂ ನೋಡಲಿಲ್ಲ.

ಮಾಸ್ತರು ಅವನ ಹೆಸರು ಕರೆದರು. ಎಲ್ಲರೂ ತಲೆ ಬಾಗಿಸಿ ಕಣ್ಣು ಮುಚ್ಚಿದರು.

"ಸರ್ವಶಕ್ತನೂ... ಕರುಣಾಸಾಗರನೂ ಆದ..." ಎಂದ ಯೋನಪ್ಪ. ಅಲ್ಲಿಗೆ ನಿಂತ.

ಒಂದು ಉಸಿರು. ಹತ್ತು ಉಸಿರು. ಕಾರಕೂನ ಸಣ್ಣಗೆ ಕೆಮ್ಮಿದ. ಕೋಳಿ ಒಂದು ಸಲ ಕೊಕ್ಕೊಕ್ಕೆಂದಿತು. ಎಲ್ಲ ಮುಗಿಯಿತು ಎಂದುಕೊಂಡಳು ಸಲೋಮಿ. ಆಗ ಹಿಂದಿನಿಂದ, ಮಾಳವ್ವನ ಜಖಮಾದ ಕೈಯ ಗಂಡ ಗಟ್ಟಿಯಾಗಿ ಹೇಳಿದ: "ಸಾವಕಾಶ ಹೇಳೋ ತಮ್ಮಾ. ನಾವು ಕುಂತಿರ್ತೀವಿ."

ಸಲೋಮಿ ಕಣ್ಣು ತೆರೆದಳು, ಎರಡೂ. ಆತ ಅವಳನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಭಯವಿತ್ತು, ಅದಕ್ಕಿಂತ ದೊಡ್ಡದಾಗಿ ಸಂತೋಷವಿತ್ತು. ಅವಳಿಗೆ ತಿಳಿಯದೇ ಅವಳ ತಲೆ ಹೂಂ ಎಂದಾಡಿತು. ಯೋನಪ್ಪ ಕಾಗದ ಮಡಚಿದ.

"ದೇವರೇ, ಇದು ಛಲೋ ಮಾತು, ಆದ್ರ ನಂದಲ್ಲ. ನನಗ ಬರೂದು ಇಷ್ಟ. ಜ್ವಾಳ ಕೊಟ್ಟಿ, ಮೆಣಸಿನಕಾಯಿ ಕೊಟ್ಟಿ, ಗುಡ್ಡವ್ವನ ಕೆಮ್ಮು ಕಮ್ಮಿ ಮಾಡಿದಿ. ತಾಯಿ-ತಂದಿ ಇಲ್ಲದ ನನಗ ಒಂದು ಓಣಿ ಮಂದೀನ ಕೊಟ್ಟಿ. ಭಾಳ ದಿನ ಈ ಮಂದಿಗೆ ಅಂಜಿದೆ. ಇವತ್ತ ತಿಳೀತು, ನಿನ್ನ ದನಿ ನನಗ ಕೇಳಿದ್ದು ಇವರ ನಡುವ ಕುಂತಾಗ." ಆತ ಉಸಿರೆಳೆದುಕೊಂಡ. "ಇನ್ನೊಂದು ಐತಿ. ಈ ಕಾಗದದ ಹಿಂದಿನ ಬಾಜೂಕ ಒಬ್ರು ನಿನ್ನ ಹತ್ರ ಏನೋ ಬೇಡಿಕೊಂಡಾರ. ಅದು ಅವರ ಗುಟ್ಟು, ನಾ ಹೇಳಂಗಿಲ್ಲ. ಹದಿನೈದು ದಿನಾ ಅದನ್ನ ಹಿಡಕೊಂಡು ಒಬ್ಬನ ತಿರಗ್ಯಾಡಿ ಕೇಳೇನಿ, ನಾ ಅದಕ್ಕ ಲಾಯಕ ಅದೀನೇನು ಅಂತ. ನೀ ನಕ್ಕಂಗಾತು. ಅದಕ್ಕ ಆ ಪ್ರಾರ್ಥನಿಗೆ ನಂದೂ ಆಮೆನ್."

"ಆಮೆನ್" ಎಂದಿತು ಇಡೀ ಸಭೆ. ರೂಢಿಯಂತೆ ಎಲ್ಲರಿಗಿಂತ ಗಟ್ಟಿಯಾದ ದನಿ ಎಲೀಶಪ್ಪ ಮಾಸ್ತರದೇ.

ಚರ್ಚಿನ ಮೆಟ್ಟಿಲ ಮೇಲೆ ಮಾಸ್ತರು ಮಗಳನ್ನು ನಿಲ್ಲಿಸಿದರು. "ಸಲೋಮಿ, ಆ ಕಾಗದದ ಹಿಂದ ಏನೈತಿ?"

"ಪೂರ್ತಿ ಕೇಳದನ ಆಮೆನ್ ಅಂದ್ರೇನ್ರಿ ಅಪ್ಪಾ?"

ಮಾಸ್ತರು ಹಿಂದೆ ಬಂದ ಯೋನಪ್ಪನತ್ತ ಕೈ ಚಾಚಿದರು. ಯೋನಪ್ಪ ಅವಳ ಮುಖ ನೋಡಿದ. ಅವಳು ಹೂಂ ಎಂದ ಮೇಲೆಯೇ ಕಾಗದವನ್ನು ಕೊಟ್ಟ. ಮಾಸ್ತರು ಚಾಳೀಸು ಮೂಗಿಗೆ ಏರಿಸಿಕೊಂಡು ಓದಿದರು. ಮತ್ತೊಮ್ಮೆ ಓದಿದರು.

"ಮೊದಲಿನದನ್ನ ಮಾಡಿದ್ರ ಉತ್ತಮ! ದೇವರಿಗೂ ಸಾಲಿ ಪಾಠ ಹೇಳ್ತಿಯೇನವಾ?" ಎಂದರು. ದನಿ ಗದರುತ್ತಿತ್ತು, ಕಣ್ಣು ಒದ್ದೆಯಾಗಿದ್ದವು. ಕಾಗದ ಮಡಚಿ ಯೋನಪ್ಪನ ಕಿಸೆಯಲ್ಲಿ ತಾವೇ ಇಟ್ಟರು. "ಮೂವತ್ತು ವರ್ಷ ಹೇಳೇನಿ, ಅಂದ ಮ್ಯಾಲ ಹಿಂದಕ್ಕ ತಗೊಳ್ಳಾಕ ಬರಂಗಿಲ್ಲ. ಸಂಜೀಕ ಊಟಕ್ಕ ಬಾರಪಾ. ಪ್ರಾರ್ಥನಿ ನೀನ ನಡಸು. ಸಣ್ಣದಿರ್ಲಿ, ಸಾರು ಆರತೈತಿ."

ಸಂಜೆ ಮಾಸ್ತರ ಮನೆಯಲ್ಲಿ ದೀಪ ಹಚ್ಚಿ, ಗುಡ್ಡವ್ವನೂ ಸೇರಿ ನಾಲ್ವರು ಊಟಕ್ಕೆ ಕುಳಿತರು. ಗುಡ್ಡವ್ವ ಬೇಕೆಂದೇ ಮೂಲೆಗೆ ಸರಿದು ಯೋನಪ್ಪನ ಪಕ್ಕದ ಜಾಗವನ್ನು ಸಲೋಮಿಗೆ ಬಿಟ್ಟಳು. ಎಲ್ಲರೂ ಕಣ್ಣು ಮುಚ್ಚಿದರು. ಆತನ ಮೊಣಕೈ ಮೆತ್ತಗೆ ಅವಳ ಮೊಣಕೈಗೆ ತಾಗಿತು. ಅಯ್ಯೋ, ಸರದಿ ದಾಟಿಸಿದನೇ ಎಂದು ಸಲೋಮಿ ಅರ್ಧ ಕಣ್ಣು ತೆರೆದಳು.

ಆತ ಎರಡೂ ಕಣ್ಣು ತೆರೆದು ಕಾಯುತ್ತಿದ್ದ. "ಸಲೋಮಿ" ಎಂದ, ಉಸಿರಿನಷ್ಟು ಸಣ್ಣಗೆ.

"ಕಣ್ಣು ಮುಚ್ರಿ, ಇಬ್ರೂ" ಎಂದರು ಮಾಸ್ತರು.

"ಅದು ನಿಮಗ ಹೆಂಗ ಕಂಡತ್ರಿ ಮಾಸ್ತರ?" ಎಂದಳು ಗುಡ್ಡವ್ವ.

ಮಾಸ್ತರೇ ಮೊದಲು ನಕ್ಕರು. ಆ ನಗೆ ನಿಂತು ಯೋನಪ್ಪ ಪ್ರಾರ್ಥನೆ ಶುರುಮಾಡುವಷ್ಟರಲ್ಲಿ ಸಾರು ತಣ್ಣಗಾಗಿತ್ತು. ಅದನ್ನು ಬಿಸಿ ಮಾಡಲು ಯಾರೂ ಏಳಲಿಲ್ಲ.