ಸೀಟ್ ಬೆಲ್ಟ್ ಹಾಕಿಕೊಂಡ ಎಮು

೨೦೦೬ರ ಸೆಪ್ಟೆಂಬರ್ ೧೮, ಸೋಮವಾರ ಬೆಳಿಗ್ಗೆ ಕ್ವೇಕರ್ಸ್ ಹಿಲ್ ಪೊಲೀಸ್ ಠಾಣೆಗೆ ವಾಟಲ್ ಕ್ರೀಕ್ ಹೈಸ್ಕೂಲಿನ ಪ್ರಿನ್ಸಿಪಾಲರಿಂದ ಫೋನು ಬಂತು. ಶಾಲೆಯ ಎಮು ಕಳುವಾಗಿದೆ ಎಂದರು. ಫೋನೆತ್ತಿದ ಕಾನ್‌ಸ್ಟೆಬಲ್ ಮೇಗನ್‌ಗೆ ನಗು ತಡೆಯಲಾಗಲಿಲ್ಲ. ಎಮು ಎಂದರೆ ಇಲ್ಲಿ ಆ ಹಾರಲಾರದ ದೊಡ್ಡ ಹಕ್ಕಿಯಲ್ಲ, ಪಂದ್ಯಗಳಲ್ಲಿ ಚಿಯರ್ ತಂಡದ ಮುಂದೆ ನಿಂತು ಕುಣಿಯುವವರು ತೊಡುವ ವೇಷ. ಅದಕ್ಕೆ ಮೈತುಂಬ ಕಂದು ಪುಕ್ಕ, ಬುಟ್ಟಿಯಷ್ಟು ದೊಡ್ಡ ತಲೆ, ರೆಪ್ಪೆಯಿಲ್ಲದ ಗಾಜಿನ ಕಣ್ಣು. ಅದನ್ನು ಕೊನೆಗೆ ತೊಟ್ಟವರು ಯಾರೆಂದು ಪ್ರಿನ್ಸಿಪಾಲರು ಹೇಳಿದ ಮೇಲೆ ಮೇಗನ್ ನಗಲಿಲ್ಲ.

ಕೇಸು ಡಿಟೆಕ್ಟಿವ್ ಓಲ್ವಿನ್ ಸಲ್ಡಾನಾನ ಮೇಜಿಗೆ ಬಂತು. ಅವನ ಹುಟ್ಟೂರು ಮಂಗಳೂರಿನಲ್ಲಾಗಿದ್ದರೆ ಎಫ್‌ಐಆರ್ ಬರೆದು, ಪಂಚನಾಮೆಗೆ ಇಬ್ಬರು ಪಂಚರನ್ನು ಗೋಗರೆದು ಕರೆತರಬೇಕಿತ್ತು. ಈ ಪರದೇಶದಲ್ಲಿ ಕಂಪ್ಯೂಟರು ಒಂದು ನಂಬರು ಕೊಟ್ಟರೆ ಆಯಿತು, ಕಳ್ಳ ಸಿಕ್ಕಿದಷ್ಟೇ ಸಮಾಧಾನ.

ವೇಷ ಇಡುತ್ತಿದ್ದ ಕೋಣೆಯ ಬೀಗ ಮುರಿದಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಅಲ್ಲೇ ಇದ್ದದ್ದನ್ನು ಆಟದ ಟೀಚರ್ ನೋಡಿದ್ದರು.

"ಆಮೇಲೆ ಯಾರು ಮುಟ್ಟಬೇಕಿತ್ತು?" ಎಂದು ಓಲ್ವಿನ್ ಕೇಳಿದ.

"ಇವತ್ತು ಡ್ರೈಕ್ಲೀನಿಂಗಿಗೆ ಹೋಗಬೇಕಿತ್ತು. ಮುಂದಿನ ವಾರ ಫೈನಲ್. ಈ ಸಲ ಆಶ್ಲಿನ್ ತೊಡುತ್ತಾಳೆ," ಎಂದರು ಪ್ರಿನ್ಸಿಪಾಲರು.

"ಫೆಬ್ರವರಿಯಿಂದ ಒಗೆದಿಲ್ಲವೇ?"

"ಸಾವಿನ ತನಿಖೆಗೆ ಒಯ್ದಿದ್ದ ಕೊರೋನರ್ ಕಚೇರಿಯಿಂದ ಈಗಷ್ಟೇ ವಾಪಸ್ ಬಂತು."

ಫೆಬ್ರವರಿಯ ಈಜು ಪಂದ್ಯದ ದಿನ ಬಿಸಿಲು ನಲವತ್ತು ಡಿಗ್ರಿ ದಾಟಿತ್ತು. ಹದಿನಾರರ ತೇಜಸ್ವಿನಿ ಆ ವೇಷದೊಳಗೆ ಕುಣಿಯುತ್ತ ಕುಣಿಯುತ್ತ ಕುಸಿದು ಸತ್ತಳು. ಅದನ್ನೇ ಒಗೆದು ಇನ್ನೊಂದು ಹುಡುಗಿಗೆ ತೊಡಿಸಲು ಇವರಿಗೆ ಮನಸ್ಸಾದರೂ ಹೇಗೆ ಬಂತು ಎಂದು ಓಲ್ವಿನ್‌ನ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡ. ಪ್ರಿನ್ಸಿಪಾಲರಿಗಿದ್ದ ಭಯವೇ ಬೇರೆ. ಆಶ್ಲಿನ್ ಏನನ್ನೋ ನೋಡಿ ಹೆದರಿ ಇವತ್ತು ಶಾಲೆಗೇ ಬಂದಿಲ್ಲ, ಯಾರೋ ಅವಳನ್ನು ಹೆದರಿಸುತ್ತಿದ್ದಾರೆ ಎಂದರು.

ಮಂಗಳವಾರ ಆಶ್ಲಿನ್‌ಳ ಮನೆಗೆ ಹೋದ. ಚರ್ಚಿನಲ್ಲಿ ಭಾನುವಾರದ ಪೂಜೆಯಲ್ಲಿ ನೋಡಿದ ಹುಡುಗಿಯೇ. ತಾಯಿ ಯುಜಿನಿಯಾಳ ತೋಳು ಹಿಡಿದುಕೊಂಡು ಕೂತಿದ್ದಳು.

"ಎಂತ ನೋಡಿದ್ದು ನೀನು?"

ಉತ್ತರ ಇಂಗ್ಲಿಷಿನಲ್ಲಿ ಬಂತು. ಶುಕ್ರವಾರ ಸಂಜೆ ಬಸ್ಸು ಸಿಗ್ನಲ್ಲಿನಲ್ಲಿ ನಿಂತಿತ್ತು. ಪಕ್ಕದಲ್ಲಿ ಒಂದು ಬಿಳಿ ಕಾರು. ಅದರ ಮುಂದಿನ ಸೀಟಿನಲ್ಲಿ ಎಮು ನೆಟ್ಟಗೆ ಕೂತಿತ್ತು. ಸೀಟ್ ಬೆಲ್ಟ್ ಹಾಕಿಕೊಂಡಿತ್ತು.

"ಡ್ರೈವ್ ಮಾಡ್ತಿದ್ದದ್ದು ಯಾರು?"

"ನೋಡಲಿಲ್ಲ ಅಂಕಲ್. ಅದು ನನ್ನನ್ನೇ ನೋಡ್ತಾ ಇತ್ತು."

"ಇನ್ನು ಇವಳು ಆ ಶಾಲೆಗೆ ಹೋಗೋದು ಬೇಡ ಮಾರಾಯ್ರೆ," ಎಂದಳು ಯುಜಿನಿಯಾ. ಹೊರಗೆ ಬಂದು ಕಾರು ಹತ್ತಿದಾಗ ಓಲ್ವಿನ್ ಪಕ್ಕದ ಖಾಲಿ ಸೀಟನ್ನು ಒಮ್ಮೆ ನೋಡಿಕೊಂಡ. ತನ್ನ ಮೇಲೇ ಅವನಿಗೆ ಸಿಟ್ಟು ಬಂತು.

ಎರಡು ದಿನ ಬಿಳಿ ಕಾರುಗಳ ಹಿಂದೆ ಅಲೆದದ್ದೇ ಬಂತು. ಶುಕ್ರವಾರ ಬೆಳಿಗ್ಗೆ ತನ್ನ ಮಗಳನ್ನು ಶಾಲೆಗೆ ಬಿಡಲು ಹೊರಟು ಅವಳ ಬೆಲ್ಟ್ ಬಿಗಿಯುತ್ತಿದ್ದವನು ಕೈ ಅಲ್ಲೇ ನಿಲ್ಲಿಸಿದ. ಹೆದರಿಸಲು ಕದ್ದವರು ಅದನ್ನು ಕಿಟಕಿಗೆ ಆನಿಸುತ್ತಾರೆ, ಮುಚ್ಚಿಡಲು ಕದ್ದವರು ಡಿಕ್ಕಿಗೆ ತುರುಕುತ್ತಾರೆ. ಬೆಲ್ಟ್ ಹಾಕುವವರು ಯಾರು?

ಶಾಲೆಗೆ ಹೋಗಿ ಒಂದೇ ಪ್ರಶ್ನೆ ಕೇಳಿದ. "ತೇಜಸ್ವಿನಿಯ ಅಪ್ಪ ಅಮ್ಮ ಇಲ್ಲಿಗೆ ಬರುತ್ತಾರಾ?"

ಟೀಚರ್ ತಲೆ ತಗ್ಗಿಸಿದರು. ತಾಯಿ ಸರಸ್ವತಿ ಮೊದಲಿನಿಂದಲೂ ಪ್ರತಿ ಶುಕ್ರವಾರ ಕ್ಯಾಂಟೀನಿನಲ್ಲಿ ಸೇವೆಗೆ ಬರುವವರು. ಮಗಳು ಹೋದ ಮೇಲೂ ಬರುತ್ತಿದ್ದರು. ಬೇಡ ಎನ್ನಲು ಯಾರಿಗೂ ಬಾಯಿ ಬಂದಿರಲಿಲ್ಲ. ಕ್ಯಾಂಟೀನಿನ ಬೀಗದ ಗೊಂಚಲಿನಲ್ಲೇ ಆ ಕೋಣೆಯ ಕೀಲಿಯೂ ಇತ್ತು. ಇವತ್ತು ಮಾತ್ರ ಬಂದಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಓಲ್ವಿನ್ ಮತ್ತು ಮೇಗನ್ ಗಿರಾವೀನ್‌ನ ಆ ಮನೆ ತಲುಪಿದರು. ಬಿಳಿ ಕಾರು ಹೊರಗೇ ನಿಂತಿತ್ತು. ಬೆಲ್ಲು ಒತ್ತಿದರೆ ಉತ್ತರವಿಲ್ಲ. ಪಕ್ಕದ ಸಂದಿಯಿಂದ ಹಿತ್ತಲಿಗೆ ಹೋದರು.

ಹಿತ್ತಲಿನ ಹುಲ್ಲಿನ ಮೇಲೆ ಮೂವರು ಮನೆಗೆ ಬೆನ್ನು ಹಾಕಿ ನಿಂತಿದ್ದರು. ಸರಸ್ವತಿ, ಗಂಡ ಶ್ರೀನಾಥ್, ಅತ್ತೆ ಭಾಗೀರಥಮ್ಮ. ಹಿಂದಿನ ಗಾಜಿನ ಬಾಗಿಲು ಮುಚ್ಚಿತ್ತು. ಪರದೆಯ ಸಂದಿಯಲ್ಲಿ ಮೇಗನ್ ಇಣುಕಿ ನೋಡಿ ಹಿಂದೆ ಸರಿದಳು.

ಒಳಗೆ ನೆಲದ ಮೇಲೆ, ಗೋಡೆಗೊರಗಿ, ಎಮು ಕೂತಿತ್ತು. ಅದರ ಮುಂದೆ ಬಾಳೆಲೆ, ಎಲೆ ತುಂಬ ಅಡುಗೆ, ಪಕ್ಕದಲ್ಲಿ ದೀಪ.

"ಏನಮ್ಮಾ ಇದು?" ಎಂದ ಓಲ್ವಿನ್.

ಸರಸ್ವತಿ ತಿರುಗಲಿಲ್ಲ. "ಐದು ನಿಮಿಷ ಸಾರ್. ಅವಳು ಊಟಕ್ಕೆ ಕೂತಿದಾಳೆ."

"ಇವತ್ತು ಮಹಾಲಯ ಅಮಾವಾಸ್ಯೆ ಕಣಪ್ಪ," ಎಂದರು ಭಾಗೀರಥಮ್ಮ. "ಎಡೆ ಇಟ್ಟು ಬಾಗಿಲು ಹಾಕಿದ್ಮೇಲೆ ಮಧ್ಯೆ ತೆಗೀಬಾರದು. ಹೋದವರ ಬಟ್ಟೆ ಇಡ್ಬೇಕು, ನಮ್ಮ ಮನೇಲಿ ಕೊನೇಲಿ ತೊಟ್ಟಿದ್ದನ್ನೇ ಇಡೋದು. ಇಲ್ದಿದ್ರೆ ಅವರಿಗೆ ಮನೆ ಗೊತ್ತಾಗಲ್ಲ."

"ಅವತ್ತು ಒಳಗೆ ಹಾಕ್ಕೊಂಡಿದ್ದ ಬಟ್ಟೇನೆಲ್ಲ ಆಸ್ಪತ್ರೇಲಿ ಕತ್ತರಿಸಿ ಹಾಕಿದ್ರು," ಎಂದ ಶ್ರೀನಾಥ್. "ಒಂದೇ ದಿನಕ್ಕೆ ಕೊಡಿ ಅಂತ ಸ್ಕೂಲ್ ಆಫೀಸಿನ ಕ್ಲರ್ಕ್ ಹತ್ರ ಕೇಳಿದ್ವಿ. ಸ್ಕೂಲ್ ಪ್ರಾಪರ್ಟಿ, ಆಗಲ್ಲ ಅಂದ್ರು. ಡ್ರೈಕ್ಲೀನ್ ಆದ್ರೆ ಅವಳದು ಅಂತ ಏನ್ ಉಳಿಯುತ್ತೆ?"

ಮೇಗನ್ ಬಾಗಿಲ ಹಿಡಿಗೆ ಕೈ ಹಾಕಿದಳು. ಓಲ್ವಿನ್ ತಡೆದ. ನವೆಂಬರಿನಲ್ಲಿ ಸತ್ತವರ ಸಮಾಧಿಗೆ ಮೊಂಬತ್ತಿ ಹಚ್ಚುವ ಮನೆಯವನು ಅವನು, ಈ ಸಂಪ್ರದಾಯ ಅವನದಲ್ಲ. ಆದರೂ ಅವನೂ ಮನೆಗೆ ಬೆನ್ನು ಹಾಕಿ ನಿಂತ.

ಆಗ ಒಳಗಿನಿಂದ ಟಣ್ ಎಂದು ಒಂದು ಸದ್ದು ಬಂತು. ಸರಸ್ವತಿ ಕಣ್ಣು ಮುಚ್ಚಿಕೊಂಡಳು. ತಿರುಗಿ ನೋಡಲು ಓಲ್ವಿನ್‌ಗೆ ಧೈರ್ಯ ಸಾಲಲಿಲ್ಲ.

ಭಾಗೀರಥಮ್ಮ ಚಪ್ಪಾಳೆ ತಟ್ಟಿ ಬಾಗಿಲು ತೆಗೆದರು. ಎಲೆಯ ಪಕ್ಕದ ನೀರಿನ ಲೋಟ ಉರುಳಿತ್ತು. ಕಿಟಕಿಗಳೆಲ್ಲ ಮುಚ್ಚಿದ್ದವು, ಮನೆಯಲ್ಲಿ ಬೆಕ್ಕಿರಲಿಲ್ಲ. ವರದಿಯಲ್ಲಿ ಓಲ್ವಿನ್ ಇದನ್ನು ಬರೆಯಲಿಲ್ಲ.

"ಬೀಗ ತೆಗೆದು ಒಯ್ದದ್ದು ಯಾರು?"

"ನಾನು. ಇವರಿಬ್ಬರಿಗೂ ಇವತ್ತು ಬೆಳಿಗ್ಗೆವರೆಗೂ ಗೊತ್ತಿರಲಿಲ್ಲ, ಗ್ಯಾರೇಜಲ್ಲಿಟ್ಟಿದ್ದೆ," ಎಂದಳು ಸರಸ್ವತಿ.

ಓಲ್ವಿನ್ ಅವಳನ್ನು ಬಂಧಿಸಿರುವುದಾಗಿ ಹೇಳಿ ಅವಳ ಹಕ್ಕುಗಳನ್ನು ಓದಿದ, ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ. ಕೋರ್ಟಿನಲ್ಲಿ ಎಚ್ಚರಿಕೆ ಕೊಟ್ಟು ಬಿಟ್ಟಾರು ಎಂದು ಶ್ರೀನಾಥ್‌ಗೆ ಮೆಲ್ಲಗೆ ಹೇಳಿದ.

ಮೇಗನ್ ದೊಡ್ಡ ಪ್ಲಾಸ್ಟಿಕ್ ಚೀಲ ತಂದು ವೇಷವನ್ನು ಇಡಿಯಾಗಿ ಅದರೊಳಗೆ ಇಳಿಸಿ ಬಾಯಿ ಕಟ್ಟತೊಡಗಿದಳು. ಅಷ್ಟು ಹೊತ್ತೂ ಕಲ್ಲಿನಂತೆ ನಿಂತಿದ್ದ ಸರಸ್ವತಿ ಓಡಿಬಂದು ಅವಳ ಕೈ ಹಿಡಿದಳು.

"ತಲೆ ತೆಗೀರಿ. ಮೊದಲು ಆ ತಲೆ ತೆಗೀರಿ."

"ಯಾಕಮ್ಮಾ?" ಎಂದ ಓಲ್ವಿನ್.

"ಅವತ್ತು ಅವಳು ಬಿದ್ದಾಗ ಅದೂ ಡ್ಯಾನ್ಸೇ ಅಂದ್ಕೊಂಡು ಎಲ್ಲರೂ ಚಪ್ಪಾಳೆ ಹೊಡೆದ್ರು. ಯಾರೂ ತಲೆ ತೆಗೀಲಿಲ್ಲ ಸಾರ್," ಎಂದಳು ಸರಸ್ವತಿ. "ಸ್ಟ್ಯಾಂಡಲ್ಲಿ ಕೂತು ನಾನೂ ಹೊಡೀತಿದ್ದೆ."